ಬಂದೂಕಿಗೊಂದು ಗಾದಿ

“ಬಂದೂಕು ಇದ್ದ ಮನ್ಯಾಗ ಗುಂಡು ಹಾರೂದು ಅಪರೂಪ, ಜೀವ ಹಾರೂದು ದಿನಾ.” ಈ ಮಾತನ್ನು ನನಗೆ ಮೊದಲು ಹೇಳಿದವರು ನಮ್ಮ ಅತ್ತೆ. ಆಗ ನಾನು ಹೊಸ ಸೊಸೆ, ಬಿ.ಎ. ಓದಿದ ಸೊಕ್ಕಿನಲ್ಲಿ ನಕ್ಕಿದ್ದೆ. ಈಗ ನಲವತ್ತು ದಾಟಿದೆ. ಈಗಲೂ ನಗುತ್ತೇನೆ, ಆದರೆ ಒಂದು ಕೈ ಎದೆಯ ಮೇಲಿಟ್ಟುಕೊಂಡು.

ಸೊಟ್ಟ ಮೊಳೆ

ನಮ್ಮ ಹೊಲ ಕೆಂಭಾವಿ ಕಡೆ. ಕಾಲುವೆ ಬಂದ ಮೇಲೆ ಜೋಳ ಹೋಗಿ ಭತ್ತ ಬಂತು. ಭತ್ತದ ಹಿಂದೆ ಕಾಡುಹಂದಿ ಬಂತು. ಹಂದಿಯ ಹಿಂದೆ ಮಾವನವರ ಲೈಸೆನ್ಸ್ ಬಂದೂಕು ಬಂತು. ಅವರ ಎದುರು ಬಂದೂಕು ಅನ್ನುವಂತಿಲ್ಲ. “ರೈಫಲ್ ಅನ್ನಾಕ ನಾಲಿಗಿ ಹೊಳ್ಳಂಗಿಲ್ಲೇನು?” ಎಂದು ಗದರುತ್ತಾರೆ.

ಚುನಾವಣೆ ಬಂತೆಂದರೆ ಲೈಸೆನ್ಸ್ ಬಂದೂಕುಗಳೆಲ್ಲ ಠಾಣೆಗೆ ಜಮಾ ಆಗಬೇಕು. ಅಲ್ಲಿ ಅವನ್ನು ತೊಗರಿ ಕಟ್ಟಿಗೆಯಂತೆ ಮೂಲೆಯಲ್ಲಿ ಒಟ್ಟುತ್ತಾರೆ. ಹಿಂದಿನ ಸಲ ಹಾಗೆ ಒಟ್ಟಿದ್ದಕ್ಕೆ ನಮ್ಮ ರೈಫಲ್ಲಿನ ತುದಿಯಲ್ಲಿ ಗುರಿ ಹಿಡಿಯಲು ಇರುವ ಮೊಳೆಯಂಥದ್ದು ಸೊಟ್ಟಗಾಗಿ ಬಂದಿತ್ತು. ಮಾವನವರಿಗೆ ಅದು ಗೊತ್ತಾಗಲಿಲ್ಲ. ಹಂದಿಗೆ ಹೊಡೆದರು. ಗುಂಡು ಹೋಗಿ ಬಾಜೂ ಹೊಲದವನ ಪಂಪಿನ ಸ್ಟಾರ್ಟರ್ ಡಬ್ಬಿಗೆ ಬಡಿಯಿತು. ಪುಣ್ಯಕ್ಕೆ ಡಬ್ಬಿಯ ಹತ್ತಿರ ಯಾರೂ ಇರಲಿಲ್ಲ. ಇದ್ದಿದ್ದರೆ ಏನು ಗತಿ ಎಂದು ಅತ್ತೆ ಎರಡು ದಿನ ಊಟ ಬಿಟ್ಟರು.

ಬಾಜೂ ಹೊಲದವನು ಓಡಿ ಬಂದ. “ಕಾಕಾರ, ಹಂದಿ ಇದ್ದದ್ದು ನಿಮ್ಮ ಹೊಲದಾಗ. ನಂದೇನ್ರಿ ತಪ್ಪು?”

ಮಾವ ಸೋಲಲಿಲ್ಲ. “ಹಂದಿ ಓಡಿ ಹೋತು. ನಿನ್ನ ಡಬ್ಬಿಗೆ ಓಡಾಕ ಏನಾಗಿತ್ತು?”

ನಾಲ್ಕಡಿ ಕೂಸು

ಮೊಳೆ ನೆಟ್ಟಗೆ ಮಾಡಿಸಿಕೊಂಡು ಬಂದದ್ದಾಯಿತು, ಮತ್ತೆ ಚುನಾವಣೆ ಬಂತು. ಮಾವ ಹಟ ಹಿಡಿದರು. “ಒಳಗ ಮೆತ್ತಗ ಹಾಸಿದ ಪೆಟ್ಟಿಗಿ ಆಗೂತನಕ ರೈಫಲ್ ಕೊಡಂಗಿಲ್ಲ.” ಶನಿವಾರದೊಳಗೆ ಕೊಡದಿದ್ದರೆ ಲೈಸೆನ್ಸ್ ರದ್ದು ಎಂದು ಠಾಣೆಯಿಂದ ಫೋನು. ಹಳೇ ಬಾಗಿಲಿನ ಹಲಗೆ ಕೊಯ್ದು ಮಾವ ತಾವೇ ಪೆಟ್ಟಿಗೆ ಮಾಡಿದರು. ನಮ್ಮ ಮನೆಯವರು ಮಾಸ್ತರು, ಚುನಾವಣೆ ಡ್ಯೂಟಿಗೆ ಹೋಗಿದ್ದರು. ಹಾಗಾಗಿ ಫೋಮು ತರುವುದು ನನ್ನ ಪಾಲಿಗೆ ಬಂತು.

ಶಹಾಪುರದಲ್ಲಿ ಸೋಫಾ ಹೊಲಿಯುವ ಅಂಗಡಿಗೆ ಹೋದೆ. ಚುನಾವಣೆ ಹೊತ್ತಿನಲ್ಲಿ ಒಬ್ಬ ಹೆಣ್ಣುಮಗಳು ರೈಫಲ್ ಎನ್ನುವುದು ಹೇಗೆ?

“ಯಾತಕ್ಕ ಬೇಕ್ರಿ ಅಕ್ಕಾರ ಫೋಮು?”

“ಮಲಗಸಾಕ್ರಿ.”

“ಓ, ಕೂಸಿಗೇನ್ರಿ. ಉದ್ದ ಎಷ್ಟ ಇರಲಿ?”

“ನಾಲ್ಕಡಿ.”

“ಅಗಲ?”

“ಒಂದು ಗೇಣು ಸಾಕ್ರಿ.”

ಅವನು ಟೇಪು ಕೆಳಗಿಟ್ಟ. “ತೂಕ ಎಷ್ಟೈತ್ರಿ? ತೂಕ ನೋಡಿ ಫೋಮು ಕೊಡಬೇಕಾಗತೈತಿ.”

“ಮೂರೂವರಿ ಕಿಲೋ.”

ಅವನು ನನ್ನ ಕಡೆ ಬಗ್ಗಿದ. ಆಮೇಲೆ ದನಿ ತಗ್ಗಿಸಿ ಹೇಳಿದ: “ಅಕ್ಕಾರ, ಫೋಮು ನಾಳಿ ಒಯ್ಯಾಕ ಬರತೈತಿ. ಮೊದಲು ಕೂಸಿನ್ನ ಡಾಕ್ಟರಿಗೆ ತೋರಸ್ರಿ.”

ಚಾಚಾನ ಮುತುವರ್ಜಿ

ಮರುದಿನ ಹೋಗಿ ತಂದ ಆ ಫೋಮು ಕೆಲಸಕ್ಕೆ ಬರಲಿಲ್ಲ. ರೈಫಲ್ ಇಟ್ಟರೆ ಕೆಸರಿಗೆ ಬಿದ್ದ ಎಮ್ಮೆಯಂತೆ ಒಳಗಿಳಿದು ಹಲಗೆಗೆ ತಾಗುತ್ತಿತ್ತು. ಶನಿವಾರ ಹತ್ತಿರ ಬರುತ್ತಿತ್ತು. ಪೆಟ್ಟಿಗೆ ಹೊತ್ತುಕೊಂಡು ಸುರಪುರದಲ್ಲಿ ಹತ್ತಿ ಗಾದಿ ಹೊಲಿಯುವ ಚಾಚಾನ ಹತ್ತಿರ ಹೋದೆ.

ಚಾಚಾನಿಗೆ ಸಿಟ್ಟೇ ಬಂತು. “ಹತ್ತಿ ಬೆಳಿಯೋ ನಾಡಿನಾಗ ಇದ್ದು ಸ್ಪಂಜು ಹುಡುಕಾಕತ್ತೀರಲ್ಲ ಬೇಟಿ! ಇಟ್ಟು ಹೋಗ್ರಿ, ನಾ ನೋಡ್ಕೋತೀನಿ.”

ನೋಡಿಕೊಂಡರು. ಮರುದಿನ ಪೆಟ್ಟಿಗೆಯಲ್ಲಿ ಗುಲಾಬಿ ಹೂವಿನ ಬಟ್ಟೆಯ ಗಾದಿ ಇತ್ತು, ಮೇಲೆ ಹೊದೆಯಲು ಪುಟ್ಟ ರಜಾಯಿ, ನಳಿಗೆ ಇಡುವ ಕಡೆ ಝಾಲರಿ ಹಚ್ಚಿದ ದಿಂಬು.

ಮಾವನವರು ರಜಾಯಿಯ ತುದಿ ಹಿಡಿದು ಎತ್ತಿದರು. “ಇದನ್ನ ಠಾಣೆಕ್ಕ ಒಯ್ಯಲೋ, ತೊಟ್ಟಿಲಕ್ಕ ಹಾಕಲೋ?”

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಕಾಲುವೆಗೆ ನೀರು ಬಿಟ್ಟ ದಿನಗಳು ಅವು. ನಮ್ಮ ಗೋಡೆಗಳಿಗೇ ತೇವ ಏರಿತ್ತು. ಹತ್ತಿ ಆ ತೇವವನ್ನೆಲ್ಲ ಕುಡಿಯಿತು. ಎರಡನೇ ದಿನ ರಜಾಯಿ ಸರಿಸಿ ನೋಡಿದರೆ ನಳಿಗೆಯ ಮೇಲೆ ಜಂಗಿನ ಚುಕ್ಕೆಗಳು. ಮಾವ ಎಣ್ಣೆ ಹಚ್ಚಿ ತಿಕ್ಕುತ್ತ ಕೂತರು. ಅತ್ತೆ ದಿಂಬನ್ನು ಎತ್ತಿಕೊಂಡು ಹೊರಟರು. “ಮಲಗಾಕ ಅದಕ್ಕ ಒಗ್ಗಲಿಲ್ಲ, ನನಗ ಒಗ್ಗತೈತಿ.”

ಖಾಲಿ ಜಾಗ

ಕಡೆಗೆ ಯಾದಗಿರಿಯಲ್ಲಿ ಫ್ರಿಜ್ಜು ಮಾರುವವನೊಬ್ಬ ದಾರಿ ತೋರಿಸಿದ. ಫ್ರಿಜ್ಜಿನ ಸುತ್ತ ಬರುವ ದಪ್ಪನೆಯ ಬಿಳಿ ಫೋಮಿನ ಹಾಳೆ, ಒತ್ತಿದರೆ ಕುಸಿಯುವುದಿಲ್ಲ, ನೀರು ಕುಡಿಯುವುದಿಲ್ಲ. ರೈಫಲ್ಲನ್ನು ಪೇಪರಿನ ಮೇಲಿಟ್ಟು ಗೆರೆ ಎಳೆದು ಒಯ್ದಿದ್ದೆ. ಆ ಗೆರೆಯಂತೆಯೇ ಚಂದಾಗಿ ಕೊರೆದುಕೊಟ್ಟ. ಬಗಲಲ್ಲಿಟ್ಟುಕೊಂಡು ಸುರಪುರದ ಬಸ್ಸು ಹತ್ತಿದೆ. ಅದು ಶುಕ್ರವಾರ.

ಭೀಮಾ ಸೇತುವೆ ದಾಟಿದ ಮೇಲೆ ಚೆಕ್‌ಪೋಸ್ಟಿನಲ್ಲಿ ಬಸ್ಸು ನಿಂತಿತು. ಒಬ್ಬ ಪೊಲೀಸ ಒಳಗೆ ಬಂದ, ಹಾಳೆ ನೋಡಿದ. ಅದರ ನಡುವೆ ಉದ್ದಕ್ಕೆ, ಸ್ವಚ್ಛವಾಗಿ, ರೈಫಲ್ಲಿನ ಆಕಾರದ ಖಾಲಿ ಜಾಗ.

“ಇದ್ರಾಗಿಂದು ಎಲ್ಲೈತ್ರಿ?”

“ಮನ್ಯಾಗ್ರಿ.”

“ಮನ್ಯಾಗಿದ್ರ ಇದು ಯಾಕ ಖಾಲಿ ಐತಿ?”

“ಅದನ್ನ ಇದ್ರಾಗ ಇಡಬೇಕ್ರಿ ಇನ್ನ.”

“ಅಂದ್ರ ತಗದು ಎಲ್ಲೋ ಇಟ್ಟೀರಿ!”

ಬಸ್ಸಿನಲ್ಲಿ ಎಲ್ಲರೂ ಕಾಲು ಸೀಟಿನ ಮೇಲೆ ಎತ್ತಿಕೊಂಡರು. ಸೀಟಿನಡಿ, ಚೀಲ, ಒಬ್ಬಳ ಮೆಣಸಿನಕಾಯಿ ಗಂಟು, ಎಲ್ಲ ಬಿಚ್ಚಿದರು. ಮನೆಯವರ ನೌಕರಿ ನೆನಪಾಯಿತು. ನಮ್ಮ ಠಾಣೆಗೆ ಫೋನು ಮಾಡಿ ಎಂದು ಬೇಡಿಕೊಂಡೆ. ಮಾಡಿದ. ಆ ಕಡೆಯಿಂದ ದಫೇದಾರರ ದನಿ ಬಸ್ಸಿಗೆಲ್ಲ ಕೇಳಿಸಿತು: “ಬಿಡ್ರಿ ಮಾರಾಯರ, ಆ ರೈಫಲ್ಲಿನ ಹಾದಿ ನೋಡಿ ನೋಡಿ ಸಾಕಾಗೇತಿ. ಹಾಸಗಿ ಮುಂದ ಬಂತಂದ್ರ ಅದೂ ಬರತೈತಿ!”

ಇನ್ನೊಬ್ಬ ಮಾವ

ಶನಿವಾರ ನಾನೂ ಮಾವನೂ ಪೆಟ್ಟಿಗೆ ಹಿಡಿದು ಠಾಣೆಗೆ ಹೋದೆವು. ರೈಫಲ್ ಆ ಹಾಳೆಯಲ್ಲಿ ಹೋಳಿಗೆಯೊಳಗಿನ ಹೂರಣದಂತೆ ಕೂತಿತ್ತು. ಪೊಲೀಸರೆಲ್ಲ ಸುತ್ತ ನೆರೆದು ನೋಡಿದರು. ದಫೇದಾರರು ಮತ್ತೆ ಮತ್ತೆ ಒತ್ತಿ ನೋಡಿ, “ಏನ್ ಕೆಲಸ ಮಾಡೀರಿ ಕಾಕಾರ” ಎಂದರು. ಮಾವ ಮೀಸೆ ತಿರುವಿದರು. ಆದರೆ ಮನೆಗೆ ಬಂದ ಮೇಲೆ ಚುನಾವಣೆ ಮುಗಿಯುವವರೆಗೂ ನಿದ್ದೆಯಿಲ್ಲ. “ಪೆಟ್ಟಿಗಿ ಮ್ಯಾಲ ಯಾರರ ಕುಂತಿದ್ರ?” “ಇಲಿ ಕಡದಿದ್ರ?” ಯಾರು ಗೆದ್ದರೆಂದು ಅವರು ಕೇಳಲೇ ಇಲ್ಲ.

ವಾಪಸು ಕೊಡುವ ದಿನ ಎಲ್ಲರಿಗಿಂತ ಮೊದಲು ಹೋಗಿ ನಿಂತೆವು. ದಫೇದಾರರು ಪೆಟ್ಟಿಗೆ ತಂದಿಟ್ಟು ಮುಚ್ಚಳ ತೆಗೆದರು. ಮಾವ ಬಗ್ಗಿ ನೋಡಿದರು. ಕನ್ನಡಕ ಒರೆಸಿ ಮತ್ತೆ ನೋಡಿದರು.

“ಇದು ನಂದಲ್ಲ!”

ದಫೇದಾರರು ಮಾತ್ರ ತಣ್ಣಗಿದ್ದರು. “ಹೌದ್ರಿ ಕಾಕಾರ, ಇದು ನಮ್ಮ ಮಾವನವರದು. ಅವರೂ ನಿಮ್ಮಂಗ ಭಾಳ ಚಿಂತಿ ಮನಷ್ಯಾ. ‘ಅಳಿಯಾ, ನಂದಕ್ಕ ಒಂದು ಗೀರು ಬಿದ್ರ ನಿಮ್ಮ ಮನಿ ಮೆಟ್ಟಲಾ ಹತ್ತಂಗಿಲ್ಲ’ ಅಂತ ಆಣಿ ಮಾಡಿದ್ರು. ದೇವರು ದೊಡ್ಡಾಂವ, ಅಳತಿ ಒಂದ ಆತು.”

“ಮತ್ತ ನಂದು?”

ಅವರು ಮೂಲೆಯ ರಾಶಿಯಡಿ ಕೈ ಹಾಕಿ ಹಳೇ ಕಂಬಳಿಯ ಸುರುಳಿಯೊಂದನ್ನು ಎಳೆದರು. ಬಿಚ್ಚಿದರೆ ಒಳಗೆ ನಮ್ಮ ರೈಫಲ್. ಜಂಗಿಲ್ಲ, ಗೀರಿಲ್ಲ, ತುದಿಯ ಮೊಳೆ ನೆಟ್ಟಗೆ. ಮಾವ ನಳಿಗೆ ಸವರಿದರು, ಕಂಬಳಿ ಸವರಿದರು, ಪೆಟ್ಟಿಗೆ ನೋಡಿದರು, ನನ್ನನ್ನು ನೋಡಿದರು. ಬಯ್ಯಲು ಒಂದು ಗೀರಾದರೂ ಬೇಕಲ್ಲ!

ನಿಮ್ಮ ಕಡೆ ಯಾರಾದರೂ ಬಂದೂಕಿನ ಪೆಟ್ಟಿಗೆಗೆ ಫೋಮು ಹುಡುಕುತ್ತ ಊರೂರು ಅಲೆಯುತ್ತಿದ್ದರೆ ದಯವಿಟ್ಟು ಈ ಮಾತು ಮುಟ್ಟಿಸಿ: ಸೋಫಾದ್ದೋ, ಹತ್ತಿಯದೋ, ಫ್ರಿಜ್ಜಿನದೋ ಆಮೇಲೆ ನೋಡಿಕೊಳ್ಳಲಿ. ಮೊದಲು ದಫೇದಾರರ ಮಾವನಿಗೆ ಬಂದೂಕು ಇದೆಯೇ ಎಂದು ಕೇಳಿಕೊಳ್ಳಲಿ.