ಗಾಂಬ ಮತ್ತು ಗಾಂಪ

ಸಂಗೀತವನ್ನು ಸವಿದೇ ತೀರುತ್ತೇನೆಂದು ನಾನು ನಿರ್ಧರಿಸಿಬಿಟ್ಟೆ! ಅದೂ ಅಂತಿಂಥ ಸವಿಯುವುದಲ್ಲ. ಸಭೆಯ ಮುಂದಿನ ಸಾಲಿನಲ್ಲಿ ಕೂತು, ಕಣ್ಣು ಅರೆಮುಚ್ಚಿ, ಸರಿಯಾದ ಜಾಗದಲ್ಲಿ ತಲೆದೂಗಿ, ಮುಗಿದ ಮೇಲೆ ನಾಲ್ಕು ಜನರ ಕಿವಿಗೆ ಬೀಳುವಂತೆ ಒಂದೇ ಒಂದು ತೂಕದ ಮಾತಾಡಿ, 'ಯಾರಪ್ಪ ಈ ಮಹಾನುಭಾವ?' ಎಂದು ಅಪರಿಚಿತರು ಕತ್ತು ಹೊರಳಿಸುವಂತೆ ಸವಿಯಬೇಕು! ಇಂಥ ಘನಘೋರ ಪ್ರತಿಜ್ಞೆಯನ್ನು ನಾನು ಮಾಡಿದ್ದು ಒಂದು ಶುಕ್ರವಾರ ಸಂಜೆ, ಸೋಫಾದ ಮೇಲೆ ಅಡ್ಡಾಗಿ. ಕೂತು ಪ್ರತಿಜ್ಞೆ ಮಾಡುವಷ್ಟು ತ್ರಾಣ ಉಳಿದಿರಲಿಲ್ಲ.

ನನ್ನ ದಣಿವಿಗೆ ಕಾರಣವಿದೆ. ನಾನು ಒಂದು ಹಾಸಿಗೆ ಕಂಪನಿಯ ದೂರು ವಿಭಾಗದಲ್ಲಿದ್ದೇನೆ. ಊರಿನಲ್ಲಿ ನಿದ್ದೆ ಬಾರದವರೆಲ್ಲ ಬೆಳಗಿನಿಂದ ಸಂಜೆಯವರೆಗೆ ನನಗೆ ಫೋನ್ ಮಾಡುತ್ತಾರೆ. ಒಬ್ಬರಿಗೆ ಹಾಸಿಗೆ ಕಲ್ಲು, ಇನ್ನೊಬ್ಬರಿಗೆ ಅದೇ ಹಾಸಿಗೆ ಕೆಸರು. 'ಮಗ್ಗುಲು ಬದಲಿಸಿದರೆ ಕಿರ್ ಅನ್ನುತ್ತೆ' ಅನ್ನುವವರೊಬ್ಬರು, 'ಕಿರ್ ಅನ್ನದಿದ್ದರೆ ಹೆಂಡತಿ ಬದುಕಿದ್ದಾಳೋ ಇಲ್ಲವೋ ಗೊತ್ತಾಗೋದಿಲ್ಲ' ಅನ್ನುವವರಿನ್ನೊಬ್ಬರು. ಇವರೆಲ್ಲರ ನಿದ್ದೆಗೇಡಿನ ಭಾರವನ್ನು ಹೊತ್ತು ಮನೆಗೆ ಬರುವ ಹೊತ್ತಿಗೆ ನನ್ನ ಹೆಗಲೆರಡೂ ಸೊಂಟದ ಹತ್ತಿರ ಇರುತ್ತವೆ.

ನನ್ನ ಹೆಂಡತಿ ನಗರದ ವಾದ್ಯಮೇಳದಲ್ಲಿ ಸೆಲ್ಲೋ ನುಡಿಸುತ್ತಾಳೆ. ಸೆಲ್ಲೋ ಎಂದರೆ ಪಿಟೀಲಿನ ದೊಡ್ಡಪ್ಪ. ನೆಲಕ್ಕೆ ಮೊಳೆ ಊರಿಕೊಂಡು, ಎದೆಯುಬ್ಬಿಸಿ, ಇಡೀ ಸಭಾಂಗಣವನ್ನು ಮಾತಾಡಿಸುವ ಆಸಾಮಿ. ಒಂದು ದಿನ ಅದರ ಪಕ್ಕದಲ್ಲಿ ಇನ್ನೊಂದು ವಾದ್ಯ ಬಂದು ಕೂತಿತು. ಸೆಲ್ಲೋದಷ್ಟೇ ಎತ್ತರ. ಆದರೆ ಮೊಳೆಯಿಲ್ಲ, ಬೆನ್ನು ಚಪ್ಪಟೆ, ತಂತಿ ಎರಡು ಹೆಚ್ಚು. ಹೆಗಲು ಮಾತ್ರ ಆಫೀಸಿನಿಂದ ಬಂದ ನನ್ನ ಹಾಗೇ ಇಳಿಬಿದ್ದಿತ್ತು.

"ಇದೇನು, ಸೆಲ್ಲೋಗೆ ಇಷ್ಟು ಬೇಗ ಮುಪ್ಪು ಬಂತಾ?" ಎಂದೆ.

"ಇದು ಸೆಲ್ಲೋ ಅಲ್ಲ ರೀ. ವಿಯೋಲ ದ ಗಾಂಬ. ಗುರುಗಳದ್ದು. ತಮಗೆ ಇನ್ನು ಬೇಡ, ನೀನೇ ನುಡಿಸು ಅಂತ ಕೊಟ್ಟಿದ್ದಾರೆ."

"ವಿಯೋಲದ ಗಾಂಪ?"

"ಗಾಂಬ! ಗಾಂಬ ಅಂದ್ರೆ ಕಾಲು. ಕಾಲುಗಳ ಮಧ್ಯೆ ಹಿಡಿದು ನುಡಿಸೋದಕ್ಕೆ ಆ ಹೆಸರು. ಗಾಂಪ ಅಂದ್ರೆ ಯಾರು ಅನ್ನೋದನ್ನ ಬೇರೆ ಹೇಳ್ಬೇಕಾ?"

ಬೇಕಾಗಿರಲಿಲ್ಲ.

ನಾನು ಪ್ರತಿಜ್ಞೆ ಮಾಡಿದ ಮರುದಿನ, ಅಂದರೆ ಶನಿವಾರ ಸಂಜೆ, ಅವಳು ಈ ಗಾಂಬವನ್ನು ಮೊದಲ ಸಲ ಜನರ ಮುಂದೆ ನುಡಿಸುವವಳಿದ್ದಳು. ಜೊತೆಗೆ ಪಿಟೀಲು ಹಿಡಿಯುವವನು ಅವಳ ಅಣ್ಣ, ನನ್ನ ಭಾವ. ಅವನ ಪಿಟೀಲಿಗೆ ಉಕ್ಕಿನ ತಂತಿ, ಅವನ ನಾಲಿಗೆಗೂ ಅದೇ. "ಆ ಮುದುಕಿಯ ದನಿ ಮೂರನೇ ಸಾಲು ದಾಟೋದಿಲ್ಲ ಕಣಮ್ಮ. ಮ್ಯೂಸಿಯಂನಲ್ಲಿ ಇರಬೇಕಾದ್ದು. ಸೆಲ್ಲೋನ ಪರದೆ ಹಿಂದೆ ಇಟ್ಟಿರು. ಕೇಳಿಸದೇ ಹೋದ್ರೆ ಮಧ್ಯದಲ್ಲೇ ಬದಲಾಯಿಸಿಬಿಡೋಣ" ಎಂದು ಫೋನಿನಲ್ಲಿ ಹೇಳಿದ್ದ. ಅವಳು ಫೋನಿಟ್ಟು ಎರಡು ಗಂಟೆ ಒಂದೇ ಸಾಲನ್ನು ನುಡಿಸಿದಳು. ಅದನ್ನು ಕೇಳಿಯೇ ನಾನು ಸೋಫಾದ ಮೇಲೆ ಆ ಪ್ರತಿಜ್ಞೆ ಮಾಡಿದ್ದು. ಅಣ್ಣ ಕೈಬಿಟ್ಟರೇನು, ಗಂಡನಿಲ್ಲವೇ? ಗಾಂಬಕ್ಕೆ ಒಬ್ಬ ನಿಜವಾದ ರಸಿಕ ಬೇಡವೇ?

ಶನಿವಾರ ಬೆಳಿಗ್ಗೆ ಅವಳು ಸಭಾಂಗಣದ ಕುರ್ಚಿ, ದೀಪ ನೋಡಿ ಬರಲು ಹೋದಳು. ಗಾಂಬ ಮನೆಯಲ್ಲೇ ಇತ್ತು. ಅದರ ಮೇಲೆ ಕೂತ ದೂಳನ್ನಾದರೂ ಒರೆಸೋಣ ಎಂದು ಮೆತ್ತನೆ ಬಟ್ಟೆ ಹಿಡಿದು ಕೂತೆ. ಪ್ರೀತಿಯಿಂದ ಹೊಟ್ಟೆ ಒರೆಸಿದೆ, ಬೆನ್ನು ಒರೆಸಿದೆ. ಕತ್ತಿನ ಹತ್ತಿರ ಬಂದಾಗ ಕೈ ನಿಂತಿತು.

ಕತ್ತಿನ ಸುತ್ತ ದಾರ! ಒಂದಲ್ಲ, ಏಳು ಕಡೆ! ಕಂದುಬಣ್ಣದ ಒರಟು ದಾರವನ್ನು ಬಿಗಿಯಾಗಿ ಸುತ್ತಿ ಪಕ್ಕದಲ್ಲಿ ಗಂಟು ಹಾಕಿದ್ದರು.

ಇಲ್ಲಿ ನನ್ನ ವೃತ್ತಿಜ್ಞಾನ ಜಾಗೃತವಾಯಿತು. ನಮ್ಮ ಕಂಪನಿಗೆ ಬರುವ ದೂರುಗಳಲ್ಲಿ ಅರ್ಧದಷ್ಟು ಇಂಥವೇ. ಹಾಸಿಗೆ ಗಟ್ಟಿ, ಹಾಸಿಗೆ ಉಬ್ಬುವುದಿಲ್ಲ, ಹಾಸಿಗೆ ಸದ್ದು ಮಾಡುತ್ತದೆ. ನಾನು ಕೇಳುವ ಮೊದಲ ಪ್ರಶ್ನೆಯೂ ಒಂದೇ: 'ಪ್ಯಾಕಿಂಗ್ ದಾರ ಬಿಚ್ಚಿದ್ದೀರಾ ಸ್ವಾಮಿ?' ಆ ಕಡೆಯವರು ಹೋಗಿ ನೋಡುತ್ತಾರೆ. ಬಿಚ್ಚಿರುವುದಿಲ್ಲ!

ನನ್ನ ಕಣ್ಣು ಒದ್ದೆಯಾಯಿತು. ಪಾಪ, ನನ್ನ ಹೆಂಡತಿ! ಇಷ್ಟು ದಿನ ಪ್ಯಾಕಿಂಗ್ ಬಿಚ್ಚದೆಯೇ ನುಡಿಸುತ್ತಿದ್ದಾಳೆ! ಕತ್ತು ಬಿಗಿದರೆ ಯಾರ ದನಿ ತಾನೇ ಮೂರನೇ ಸಾಲು ದಾಟೀತು? ಉಗುರು ಕತ್ತರಿಸುವ ಸಣ್ಣ ಕತ್ತರಿ ತಂದೆ. ತಂತಿಗೆ ತಾಗದಂತೆ, ಮರಕ್ಕೆ ಗೀರು ಬೀಳದಂತೆ, ಶಸ್ತ್ರವೈದ್ಯನ ನಾಜೂಕಿನಿಂದ ಒಂದೊಂದೇ ಗಂಟನ್ನು ಕತ್ತರಿಸಿ ಎಳೆದು ಹಾಕಿದೆ. ಕತ್ತು ನುಣ್ಣಗಾಯಿತು. ಗಾಂಬ ನಿಟ್ಟುಸಿರು ಬಿಟ್ಟಂತೆ ನನಗನ್ನಿಸಿತು. ಪುಣ್ಯದ ಕೆಲಸ ಮಾಡಿದ ಆಯಾಸಕ್ಕೆ ಹತ್ತು ನಿಮಿಷ ಒರಗಿಕೊಂಡೆ.

ಕಣ್ಣು ಬಿಟ್ಟಾಗ ಹೆಂಡತಿ ಎದುರಿಗೆ ನಿಂತಿದ್ದಳು. ಒಂದು ಕೈಯಲ್ಲಿ ಗಾಂಬ, ಇನ್ನೊಂದರಲ್ಲಿ ದಾರದ ತುಂಡುಗಳು.

"ಏನಿದು?"

"ಪ್ಯಾಕಿಂಗ್!" ಎಂದೆ ಹೆಮ್ಮೆಯಿಂದ. "ನೀನು ಬಿಚ್ಚೋದೇ ಮರೆತಿದ್ದೆ."

ಅವಳು ಕುರ್ಚಿಯ ಮೇಲೆ ಕೂತಳು. ಕೂಗಲಿಲ್ಲ. ಕೂಗಿದ್ದರೆ ವಾಸಿಯಿತ್ತು.

"ಗಿಟಾರ್ ನೋಡಿದ್ದೀರಾ?"

"ನೋಡಿದ್ದೀನಿ."

"ಅದರ ಕತ್ತಿನ ಮೇಲೆ ಅಡ್ಡಡ್ಡ ಪಟ್ಟಿ ಇರತ್ತಲ್ಲ, ಬೆರಳು ಎಲ್ಲಿ ಒತ್ತಿದ್ರೆ ಯಾವ ಸ್ವರ ಅಂತ ತೋರಿಸೋ ಮೆಟ್ಟು?"

"ಹೌದು."

"ಅದು ಗಿಟಾರ್‌ನಲ್ಲಿ ಲೋಹ. ಗಾಂಬದಲ್ಲಿ ದಾರ. ಕುರಿಯ ಕರುಳಿನಿಂದ ಮಾಡಿದ ದಾರ. ಪಿಟೀಲಿಗೆ ಅದಿಲ್ಲ, ಸೆಲ್ಲೋಗೆ ಅದಿಲ್ಲ. ಇದಕ್ಕೆ ಮಾತ್ರ ಇದೆ. ಇತ್ತು."

ಆ 'ಇತ್ತು' ಎಂಬ ಶಬ್ದ ಕೋಣೆಯ ತುಂಬ ನಿಂತುಬಿಟ್ಟಿತು.

"ಮತ್ತೆ... ಸೆಲ್ಲೋ ತಗೊಂಡು ಹೋಗು" ಎಂದೆ, ನೆಲ ನೋಡುತ್ತ.

"ಅಣ್ಣನೂ ಅದನ್ನೇ ಹೇಳಿದ. ನೀವೂ ಹೇಳಿ." ಅವಳ ದನಿ ದಣಿದಿತ್ತು. "ಇಪ್ಪತ್ತು ವರ್ಷದಿಂದ ಸೆಲ್ಲೋ ನುಡಿಸ್ತಿದ್ದೀನಿ ರೀ. ಬೇಜಾರಿಲ್ಲ. ಆದ್ರೆ ಸೆಲ್ಲೋ ಹಿಡಿದ್ರೆ ಸಭೆಗೆ ಭಾಷಣ ಮಾಡ್ಬೇಕು, ಕೊನೇ ಸಾಲಿಗೂ ಮುಟ್ಟೋ ಹಾಗೆ ಕೂಗ್ಬೇಕು. ಇದನ್ನ ಹಿಡಿದ್ರೆ ಪಕ್ಕದಲ್ಲಿ ಕೂತವರ ಹತ್ರ ಮೆಲ್ಲಗೆ ಮಾತಾಡಿದ ಹಾಗಿರತ್ತೆ. ಒಂದು ಸಂಜೆ ಮೆಲ್ಲಗೆ ಮಾತಾಡೋಣ ಅಂದ್ಕೊಂಡಿದ್ದೆ, ಅಷ್ಟೇ."

ದಿನವಿಡೀ ಫೋನಿನಲ್ಲಿ ಕೂಗುವವರ ಮಾತು ಕೇಳುವವನಿಗೆ ಇದು ಚೆನ್ನಾಗಿ ಅರ್ಥವಾಯಿತು. ಕತ್ತರಿಯನ್ನು ನುಂಗಿಬಿಡೋಣವೆನ್ನಿಸಿತು.

ಅವಳು ಕಣ್ಣೊರೆಸಿಕೊಂಡು ಎದ್ದಳು. ಪೆಟ್ಟಿಗೆಯ ಜೇಬು ತಡಕಿ ಹಳೆಯ, ತುಂಡಾದ ಕರುಳಿನ ತಂತಿಗಳನ್ನು ಹೊರಗೆ ತೆಗೆದಳು. "ಅಡುಗೆಮನೆಗೆ ಬನ್ನಿ. ಬೆಂಕಿಪೊಟ್ಟಣ ತನ್ನಿ. ನಾನು ಹೇಳಿದ್ದನ್ನ ಬಿಟ್ಟು ಇನ್ನೇನೂ ಮಾಡ್ಬೇಡಿ. ಯೋಚನೆ ಅಂತೂ ಮಾಡ್ಲೇಬೇಡಿ!"

ಅಡುಗೆಮನೆಯ ಸ್ಟೂಲಿನ ಮೇಲೆ ನಾನು ಗಾಂಬವನ್ನು ತಬ್ಬಿಕೊಂಡು ಕೂತೆ. ಅವಳು ತಂತಿ ಸಡಿಲಿಸಿ, ಕೆಳಗಿಂದ ದಾರ ತೂರಿಸಿ, ಕತ್ತು ಸಪೂರವಿರುವ ಕಡೆ ಗಂಟು ಬಿಗಿದು, ಗಂಟಿನ ತುದಿಯನ್ನು ಬೆಂಕಿಕಡ್ಡಿಯಿಂದ ಸುಟ್ಟು, ಆಮೇಲೆ ದಪ್ಪವಿರುವ ಕಡೆಗೆ ಒತ್ತಿ ಜಾರಿಸುತ್ತಿದ್ದಳು. ಜಾರಿದಷ್ಟೂ ಬಿಗಿ.

"ಹಿಡ್ಕೊಳ್ಳಿ."

"ಹಿಡಿದೆ."

"ಅಲ್ಲಿ ಅಲ್ಲ, ಬೆರಳು ತೆಗೀರಿ! ನಿಮ್ಮ ಬೆರಳನ್ನೂ ಸೇರಿಸಿ ಕಟ್ಟಿದ್ದೀನಿ!"

ಬಿಚ್ಚಿ ಮತ್ತೆ ಕಟ್ಟಿದೆವು. ಮೆಟ್ಟು ಕೂತ ಮೇಲೆ ಅವಳು ಬಗ್ಗಿ ಕಮಾನು ಎಳೆದಳು. ಸ್ವರ ಮೂಗಿನಲ್ಲಿ ಅಳುತ್ತಿತ್ತು. ಉಗುರಿನ ತುದಿಯಿಂದ ದಾರವನ್ನು ಒಂದು ಕೂದಲೆಳೆಯಷ್ಟು ಸರಿಸಿದಳು, ಮತ್ತೆ ಎಳೆದಳು. ಅದೇ ಸ್ವರ ತಟ್ಟನೆ ಮುಖ ತೊಳೆದುಕೊಂಡು ಎದುರಿಗೆ ನಿಂತಿತು! ಗಾಂಬ ನನ್ನ ಎದೆಗೆ ಒರಗಿತ್ತಲ್ಲ, ಆ ದನಿ ಕಿವಿಗಿಂತ ಮೊದಲು ಪಕ್ಕೆಲುಬಿಗೆ ಬಂತು. ದೊಡ್ಡ ದನಿಯೇನಲ್ಲ. ಆದರೆ ಅದರಲ್ಲಿ ಉಸಿರಿತ್ತು. ಯಾರೋ ಹೊದ್ದಿಕೊಂಡ ಕಂಬಳಿಯೊಳಗಿಂದ ಮಾತಾಡಿದಂತೆ ಬೆಚ್ಚಗಿತ್ತು.

"ಇನ್ನೊಂದ್ಸಲ" ಎಂದೆ.

"ಹೊತ್ತಾಗ್ತಿದೆ" ಎಂದಳು. ಆದರೂ ಇನ್ನೊಂದು ಸಲ ಎಳೆದಳು.

ಐದು ಮೆಟ್ಟು ಕಟ್ಟುವಷ್ಟರಲ್ಲಿ ಕರುಳು ಮುಗಿಯಿತು! ಕೊನೆಯ ಎರಡಕ್ಕೆ ಏನು ಮಾಡುವುದು? ಅವಳು ನನ್ನನ್ನು ನೋಡಿದಳು, ನಾನು ನನ್ನ ಆಫೀಸ್ ಚೀಲವನ್ನು ನೋಡಿದೆ. ಅದರಲ್ಲಿ ಮಾದರಿಗೆಂದು ಇಟ್ಟ ಹಾಸಿಗೆ ಹೊಲಿಯುವ ಮೇಣದ ದಾರವಿತ್ತು. ಬೇರೆ ದಾರಿಯಿರಲಿಲ್ಲ, ದಾರವೇ ಗತಿ. ಕಟ್ಟಿದೆವು. ಆರನೆಯದು ಕೂತಿತು. ಏಳನೆಯದು ಕೂತಂತೆ ಮಾಡಿತು.

"ಜಾರಿದ್ರೆ?" ಎಂದೆ.

"ಜಾರಿದ್ರೆ ಅಣ್ಣನಿಗೆ ಖುಷಿ, ಗುರುಗಳಿಗೆ ಎದೆನೋವು, ನಿಮಗೆ ನಾನು" ಎಂದಳು.

ಸಂಜೆ ಮುಂದಿನ ಸಾಲಿನಲ್ಲಿ ನನ್ನ ಪಕ್ಕದ ಕುರ್ಚಿಗೇ ಗುರುಗಳು ಬಂದು ಕೂತರು. ಬಿಳಿ ಗಡ್ಡ, ಇಸ್ತ್ರಿ ಮಾಡಿದ ಕೋಟು. ನನಗೆ ಕೈಮುಗಿದು ವೇದಿಕೆಯ ಕಡೆ ತಿರುಗಿದರು, ಮತ್ತೆ ಕದಲಲಿಲ್ಲ. ಭಾವನ ಪಿಟೀಲು ಶುರುವಾಯಿತು. ಅದು ಹಿತ್ತಾಳೆ ತಟ್ಟೆ ಬೀಳಿಸಿದಂತೆ ಹೊಳೆಹೊಳೆಯುತ್ತ ಸಭಾಂಗಣದ ಗೋಡೆಗೆ ಬಡಿಯುತ್ತಿತ್ತು. ಹೆಂಡತಿ ತಲೆಬಗ್ಗಿಸಿ ಗಾಂಬದ ಜೊತೆ ಏನೋ ಹೇಳಿಕೊಳ್ಳುತ್ತಿದ್ದಳು.

ನಾನು ಅವಳ ಎಡಗೈಯನ್ನೇ ನೋಡುತ್ತಿದ್ದೆ. ಎಡಗೈ ಎಂದರೂ ಪೂರ್ತಿ ಕೈಯಲ್ಲ, ಆರನೇ ಮೆಟ್ಟು ಮತ್ತು ಏಳನೇ ಮೆಟ್ಟು. ಬೆರಳು ಅತ್ತ ಹೋದಾಗಲೆಲ್ಲ ನನ್ನ ಉಸಿರು ನಿಲ್ಲುತ್ತಿತ್ತು, ಇತ್ತ ಬಂದರೆ ಪ್ರಾಣ ಬರುತ್ತಿತ್ತು. ಮೂರನೇ ರಚನೆಯಲ್ಲಿ ಆ ದರಿದ್ರ ಏಳನೆಯದು ಒಂದಿಷ್ಟು ಓರೆಯಾಯಿತು! ನಾನು ಕುರ್ಚಿಯ ಕೈ ಹಿಡಿದುಕೊಂಡೆ. ಅದು ಕುರ್ಚಿಯ ಕೈಯಲ್ಲ, ಗುರುಗಳ ಕೈ ಎಂದು ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು. ಹೆಂಡತಿ ನುಡಿಸುತ್ತಲೇ ಬೆರಳಿನಿಂದ ಅದನ್ನು ಸ್ವಸ್ಥಾನಕ್ಕೆ ತಳ್ಳಿದಳು. ನಾನು ಬೆವರಿನಲ್ಲಿ ಮಿಂದಿದ್ದೆ.

ಕೊನೆಯ ರಚನೆ ಗಾಂಬಕ್ಕೆ ಮಾತ್ರ. ಭಾವ ಪಿಟೀಲನ್ನು ತೊಡೆಯ ಮೇಲಿಟ್ಟು ಕೂತ. ಸಭೆಯಲ್ಲಿ ಕೆಮ್ಮುವವರು ಕೆಮ್ಮು ನಿಲ್ಲಿಸಿದರಂತೆ, ಹಿಂದಿನ ಸಾಲಿನವರು ಕುರ್ಚಿಯ ತುದಿಗೆ ಜರುಗಿ ಮುಂದಕ್ಕೆ ಬಾಗಿದರಂತೆ, ಒಬ್ಬರು ಕಣ್ಣೀರು ಒರೆಸಿಕೊಂಡರಂತೆ. ಈ 'ಅಂತೆ'ಗಳನ್ನೆಲ್ಲ ನನಗೆ ಆಮೇಲೆ ಹೇಳಿದವನು ಭಾವ. ನನ್ನ ಲೋಕದಲ್ಲಿ ಆಗ ಎರಡು ಗಂಟುಗಳಲ್ಲದೆ ಬೇರೇನೂ ಇರಲಿಲ್ಲ.

ಚಪ್ಪಾಳೆ ಬಿತ್ತು. ಬೀಳುತ್ತಲೇ ಇತ್ತು. ಭಾವ ತಂಗಿಯ ಹತ್ತಿರ ಬಂದು, "ಮುಂದಿನ ಸಲ ನಾನೇ ಸ್ವಲ್ಪ ಮೆಲ್ಲಗೆ ನುಡಿಸ್ತೀನಿ. ನಿನ್ನದು ಕೇಳಿಸ್ಕೋಬೇಕು" ಎಂದ. ಉಕ್ಕಿನ ನಾಲಿಗೆಯಿಂದ ಅಷ್ಟು ಬಂದದ್ದೇ ಹೆಚ್ಚು.

ಗುರುಗಳು ನನ್ನ ಕಡೆ ತಿರುಗಿದರು. ನನ್ನ ಮುಖವನ್ನೇ ದಿಟ್ಟಿಸುತ್ತ, "ನಾನು ಬಹಳ ಸಭೆ ನೋಡಿದ್ದೇನೆ ಸ್ವಾಮಿ. ಜನ ಮುಖ ನೋಡ್ತಾರೆ, ಕಮಾನು ನೋಡ್ತಾರೆ, ಗಡಿಯಾರ ನೋಡ್ತಾರೆ. ಮೊದಲಿಂದ ಕೊನೇವರೆಗೆ ರೆಪ್ಪೆ ಬಡಿಯದೆ ಎಡಗೈ ನೋಡಿದ ರಸಿಕರು ನೀವೊಬ್ಬರೇ! ಹೇಳಿ, ಹೇಗಿತ್ತು?" ಎಂದರು.

ತೂಕದ ಮಾತಿನ ಗಳಿಗೆ ಬಂದೇಬಿಟ್ಟಿತು! ಸುತ್ತ ನಾಲ್ಕು ಜನ ನಿಂತಿದ್ದರು. ನನ್ನ ತಲೆಯಲ್ಲಿ ಇದ್ದದ್ದು ಒಂದೇ.

"ಕಟ್ಟು ಬಿಗಿಯಾಗಿತ್ತು" ಎಂದೆ. "ಎಲ್ಲೂ ಜಾರಲಿಲ್ಲ."

"ಆಹಾ!" ಎಂದರು ಗುರುಗಳು. "ಎಂಥ ಮಾತು! ಕಟ್ಟು ಬಿಗಿಯಾಗಿತ್ತು! ಎಲ್ಲೂ ಜಾರಲಿಲ್ಲ!" ಅಪರಿಚಿತರು ಕತ್ತು ಹೊರಳಿಸಿದರು. ಒಬ್ಬ ಹೆಂಗಸು 'ಯಾವ ಪತ್ರಿಕೆಯವರು?' ಎಂದು ಪಿಸುಗುಟ್ಟಿದ್ದು ಸ್ಪಷ್ಟವಾಗಿ ಕೇಳಿಸಿತು. ಇಳಿಬಿದ್ದ ನನ್ನ ಹೆಗಲು ಅಂದು ಕಿವಿಯವರೆಗೆ ಏರಿತು!

ಬಸ್ ನಿಲ್ದಾಣದ ಬೆಂಚಿನ ಮೇಲೆ ನಾವಿಬ್ಬರೂ ಕೂತೆವು. ನಡುವೆ ಗಾಂಬದ ಪೆಟ್ಟಿಗೆ. ಅವಳು ಚಪ್ಪಲಿ ಬಿಟ್ಟು ಕಾಲು ಚಾಚಿದಳು.

"ನಿಮ್ಮ ಗುರುಗಳು ದೊಡ್ಡ ಮನುಷ್ಯರು" ಎಂದೆ. "ನಿಜವಾದ ಕಿವಿ ಅವರದ್ದು. ಆ ಏಳನೆಯದು ಓರೆಯಾದದ್ದು ಅವರಿಗೂ ಕೇಳಿಸಲಿಲ್ಲ ನೋಡು, ಅಷ್ಟು ಚೆನ್ನಾಗಿ ಸರಿಮಾಡಿದೆ ನೀನು."

"ಅವರಿಗೆ ಏನೂ ಕೇಳಿಸೋದಿಲ್ಲ ರೀ."

"ಅಂದ್ರೆ?"

"ಕಿವಿ ಪೂರ್ತಿ ಹೋಗಿದೆ. ಅದಕ್ಕೇ ಅಲ್ವೇ ಗಾಂಬ ನನಗೆ ಕೊಟ್ಟಿದ್ದು. ಬೆರಳು ನೋಡಿ ಪ್ರತಿ ಸ್ವರಾನೂ ಹೇಳ್ತಾರೆ. ವೇದಿಕೆ ಹಿಂದೆ ಬಂದು, ಮೂರನೇದರಲ್ಲಿ ಮೆಟ್ಟು ಸರಿದದ್ದು, ಕೊನೇ ಎರಡು ಕರುಳಲ್ಲ ಮೇಣದ ದಾರ ಅನ್ನೋದು, ಎಲ್ಲಾ ಹೇಳಿದ್ರು."

ಹೆಗಲು ಕಿವಿಯಿಂದ ಇಳಿಯತೊಡಗಿತು. "ಮತ್ತೆ ನನ್ನನ್ನ ರಸಿಕರು ಅಂದದ್ದು?"

ಬೆಳಗಿನಿಂದ ಮೊದಲ ಬಾರಿಗೆ ನನ್ನ ಹೆಂಡತಿ ನಕ್ಕಳು. ಪೆಟ್ಟಿಗೆಗೆ ತಲೆಯಾನಿಸಿ, ದಣಿದ ಕಣ್ಣು ಮುಚ್ಚಿಕೊಂಡೇ ಹೇಳಿದಳು:

"ಅವರು ಬೆರಳು ನೋಡಿ ರಾಗ ಹಿಡೀತಾರೆ, ತುಟಿ ನೋಡಿ ಮಾತು ಹಿಡೀತಾರೆ. ಇವತ್ತು ನಿಮ್ಮ ಮುಖ ನೋಡಿ ಕಳ್ಳನ್ನ ಹಿಡಿದ್ರು!"