ಅಂಗಿ ಕಳಚಿದ ಮಿರ್ಚಿ

೨೦ ಜೂನ್ ೧೯೭೬, ಭಾನುವಾರ, ಸಂಜೆ ಐದೂವರೆ. ಈ ಹೊತ್ತಿಗೆ ಹೊಳಲ್ಕೆರೆ ಬಸ್ ನಿಲ್ದಾಣದ ಪಕ್ಕದ ಬಾಣಲೆಯಿಂದ ಮಿರ್ಚಿಯ ಮೊದಲ ಒಬ್ಬೆ ಮೇಲೇಳುತ್ತದೆ. ಆ ವಾಸನೆಗೆ ಸಿರಿಗೆರೆಗೆ ಹೊರಟ ಹುಡುಗರು ಬಸ್ಸನ್ನೇ ಬಿಡುತ್ತಾರೆ. ನಾಲಿಗೆಯನ್ನು ಆಳಬಹುದು ಎಂದವರು ಆ ಬಾಣಲೆಯ ಮುಂದೆ ನಿಂತವರಲ್ಲ.

ಯುಗಾದಿ ಕಳೆದ ಮೇಲೆ ನಮ್ಮಪ್ಪನಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾಯಿತು. ಡಾಕ್ಟರು ಸಿಹಿ ಮುಟ್ಟಬೇಡಿ ಎಂದರು. ನಮ್ಮಲ್ಲಿ ಮನೆಗೆ ಬಂದವರಿಗೆ ಕೊಡುವುದೇ ಸಿಹಿ-ಖಾರ. ಸಿಹಿ ಕಳೆದರೆ ಉಳಿಯುವುದು ಖಾರ ಎಂದು ಅಪ್ಪ ಲೆಕ್ಕ ಹಾಕಿದರು. "ಖಾರ ತಿಂದ್ರೆ ಸಿಹಿ ಮುರಿತೈತೆ ಕಣಪ್ಪ" ಎನ್ನುತ್ತಾ ದಿನವೂ ಮಿರ್ಚಿ-ಮಂಡಕ್ಕಿಯನ್ನು ಔಷಧಿಯಂತೆ ಸೇವಿಸತೊಡಗಿದರು.

ಮನೆಯಲ್ಲೇ ಮೂತ್ರ ಪರೀಕ್ಷೆ ಮಾಡುವ ಕೆಲಸ ನನ್ನದು. ಗಾಜಿನ ನಳಿಕೆಯಲ್ಲಿ ಡಾಕ್ಟರು ಕೊಟ್ಟ ನೀಲಿ ದ್ರಾವಣಕ್ಕೆ ಎಂಟು ಹನಿ ಮೂತ್ರ ಬಿಟ್ಟು ಕುದಿಸಬೇಕು. ನೀಲಿಯೇ ಉಳಿದರೆ ಕ್ಷೇಮ. ಹಸಿರು, ಹಳದಿ ದಾಟಿ ಇಟ್ಟಿಗೆ ಕೆಂಪಾದರೆ ದಿನಾ ಸೂಜಿ ಚುಚ್ಚಿಸಿಕೊಳ್ಳಬೇಕೆಂದು ಡಾಕ್ಟರು ಹೇಳಿದ್ದರು. ಸೂಜಿ ಎಂದರೆ ಅಪ್ಪನಿಗೆ ಪ್ರಾಣಭಯ.

ಮೊದಲ ದಿನವೇ ಹಸಿರು ಬಂತು. ಅಪ್ಪ ಅಳುಕಲಿಲ್ಲ. "ಮೆಣಸಿನಕಾಯಿ ಹಸಿರಲ್ವೇನಪ್ಪ? ಹಸಿರು ತಿಂದ್ರೆ ಹಸಿರೇ ಬರ್ತೈತೆ."

ಮರುವಾರ ಹಳದಿ ಬಂದಾಗ ಮಾತ್ರ ಸೂಜಿ ನೆನೆದು ತೋಳು ಸವರಿಕೊಂಡರು. ಮಿರ್ಚಿ ಬಿಡಿಸಲು ನನಗೂ ಮನಸ್ಸಾಗಲಿಲ್ಲ. ಒಂದು ಉಪಾಯ ಹೂಡಿದೆ: ಸಕ್ಕರೆ ಏರಿಸುವ ಕಡಲೆಹಿಟ್ಟಿನ ಅಂಗಿಯನ್ನು ಕಳಚಿ ಒಳಗಿನ ಬೋಳು ಮೆಣಸಿನಕಾಯಿಯನ್ನಷ್ಟೇ ಅಪ್ಪನಿಗೆ ಕೊಡುವುದು. ನಮ್ಮದು ಕುರಿ ಕಾಯ್ದ ಮನೆತನ. "ನೋಡೇ, ನಿನ್ ಮಗ ಮಿರ್ಚಿಗೂ ಉಣ್ಣೆ ಕತ್ರಿಸ್ತಾನೆ" ಎಂದು ಅಪ್ಪ ಅಮ್ಮನಿಗೆ ದೂರಿತ್ತರು. ಕಳಚಿದ ಅಂಗಿಗಳನ್ನು ಎಸೆಯುವುದು ಹೇಗೆ? ಮಂಡಕ್ಕಿಯ ಜೊತೆ ಅವೂ ನನ್ನ ತಟ್ಟೆಗೆ ಬಂದವು.

ದಿನ ಕಳೆದಂತೆ ಅಪ್ಪನ ನಳಿಕೆ ಆಕಾಶದಷ್ಟು ನೀಲಿಯಾಯಿತು. ನಾನು ಬೀಗಿದೆ. ಅಪ್ಪನಿಗೆ ಮಾತ್ರ ಅನುಮಾನ. "ಔಷಧಿ ಹಳೇದಾಗಿ ಸತ್ತೈತೇನೋ. ನಿಂದೂ ಒಂದ್ಸಲ ಕುದಿಸು, ನೋಡಾಣ."

ನಿನ್ನೆ ಕುದಿಸಿದೆ. ದ್ರಾವಣ ಸತ್ತಿರಲಿಲ್ಲ. ಅಪ್ಪಟ ಹಳದಿ.

ಅಪ್ಪ ನಳಿಕೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಾ ನಿಂತರು. "ಕುರಿ ನಂದು, ಉಣ್ಣೆಯೆಲ್ಲ ನಿಂದು. ಬಣ್ಣ ಇನ್ಯಾರಿಗೆ ಬರ್ಬೇಕು?" ಎಂದರು. ಆಮೇಲೆ ದನಿ ತಗ್ಗಿಸಿ, "ಸೋಮವಾರ ಇಬ್ರೂ ಡಾಕ್ಟರ ಹತ್ರ ಹೋಗಾಣ. ಸೂಜಿ ಅಂದ್ರೆ ನಾನ್ ಕೈ ಹಿಡ್ಕಂತೀನಿ" ಎಂದರು.

ಇವತ್ತೂ ಮಿರ್ಚಿ ತಂದಿದ್ದೇವೆ. ಅಂಗಿ ಕಳಚುವ ಕೆಲಸ ಈಗ ಅಪ್ಪನದು. ನನ್ನ ಪಾಲಿಗೂ ಬೋಳು ಮೆಣಸಿನಕಾಯಿ. ಅಂಗಿಯನ್ನೂ ತಿಂದು ನಳಿಕೆಯನ್ನೂ ನೀಲಿಯಾಗಿಡುವ ದಾರಿ ಬಲ್ಲವರು ಯಾರಾದರೂ ಇದ್ದರೆ ದಯವಿಟ್ಟು ಬರೆದು ತಿಳಿಸಿ. ಸ್ವಲ್ಪ ಬೇಗ. ಅಂಗಿಗಳು ಆರುತ್ತಿವೆ.