ಮಾಳೇಶನ ಮಿರ್ಚಿ ಸೇವೆ

ಒಂದು ಬಾಣಲೆಯಿಂದ ಮನುಷ್ಯನಿಗೆ ಇಷ್ಟು ಕಷ್ಟ ಬರಬಹುದೆಂದು ಅಂಜನಾಪುರದ ಮಾಳೇಶನಿಗೆ ಅವತ್ತು ಬೆಳಿಗ್ಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಕುರಿ ಹೊಡೆದುಕೊಂಡು ಸಂಜೆತನಕ ಡ್ಯಾಮಿನ ಕಡೆ ಕಾಲ ಕಳೆದುಬಿಡುತ್ತಿದ್ದ.

"ಏನ್ರೀ, ಈ ಬಾಣಲೆ ಸೊರಬಕ್ಕೆ ಮುಟ್ಟಿಸಿ ಬರ್ರಿ," ಅಂದಳು ಹೆಂಡತಿ ಸಂಗೀತ. "ರೋಜಾನ ಸಂಘದವರು ಇವತ್ತು ಸಂತೆಯಾಗೆ ಮಂಡಕ್ಕಿ ಮಿರ್ಚಿ ಅಂಗಡಿ ಹಾಕ್ತಾರೆ. ನಾನೇ ಹೋಗ್ತಿದ್ದೆ, ಶಿಕಾರಿಪುರದಾಗೆ ಆಶಾ ಕಾರ್ಯಕರ್ತೆಯರ ಮೀಟಿಂಗ್ ಐತಿ."

ರೋಜಾ ಸಂಗೀತಳ ಜೊತೆ ಶಾಲೆ ಓದಿದವಳು. ಗಂಡ ತೀರಿಕೊಂಡ ಮೇಲೆ ತನಗೂ ಎಚ್‌ಐವಿ ಇದೆಯೆಂದು ಗೊತ್ತಾದಾಗ ಮೂಲೆ ಹಿಡಿದು ಕೂರದೆ, ತನ್ನಂಥವರನ್ನು ಸೇರಿಸಿ ಸಂಘ ಕಟ್ಟಿದ್ದಳು. ತಿಂಗಳು ತಿಂಗಳು ಮಾತ್ರೆ ತರಲು ದೂರದ ಆಸ್ಪತ್ರೆಗೆ ಹೋಗುವವರ ಬಸ್ ಖರ್ಚು, ಮನೆಯ ಮಕ್ಕಳಿಗೆ ಹಾಲು ಮೊಟ್ಟೆ, ಇದಕ್ಕೆಲ್ಲ ದುಡ್ಡು ಕೂಡಿಸಲು ಈ ಅಂಗಡಿ.

"ಕೊಟ್ಟು ಮುಂದಿನ ಬಸ್ಸಿಗೆ ಬಂದುಬಿಡ್ತೀನಿ," ಅಂದ ಮಾಳೇಶ.

"ಏನಾರ ಕೆಲಸ ಹೇಳಿದ್ರೆ ಮಾಡಿಕೊಟ್ಟು ಬರ್ರಿ."

ಮಾಳೇಶ ಕುತ್ತಿಗೆಮಟ್ಟ ರೊಟ್ಟಿ, ಬದನೆಕಾಯಿ ಪಲ್ಯ ತಿಂದು ಹೊರಟ. ಬಾಣಲೆಯೊಳಗೆ ಒಂದು ಕುರಿಮರಿ ಆರಾಮಾಗಿ ಮಲಗಬಹುದಿತ್ತು. ಕೈ ನೋವು ಬಂದು ಅದನ್ನು ತಲೆ ಮೇಲೆ ಬೋರಲು ಹಾಕಿಕೊಂಡು ಬಸ್ ಹತ್ತಿದರೆ, "ಕೆಳಗಿರೋರು ಯಾರು, ಒಂದು ಸ್ವಲ್ಪ ಮುಖ ತೋರಿಸ್ರಿ," ಅಂದ ಕಂಡಕ್ಟರ್. ಶಿರಾಳಕೊಪ್ಪದಲ್ಲಿ ಬಸ್ ಬದಲಿಸುವಷ್ಟರಲ್ಲಿ ಅದರ ಮಸಿಯೆಲ್ಲ ಅವನ ಬಿಳಿ ಅಂಗಿಗೆ ವರ್ಗವಾಗಿತ್ತು.

ಸೊರಬದ ಸಂತೆಯ ಮೂಲೆಯಲ್ಲಿ ರೋಜಾ ಒಲೆ ಹಚ್ಚಿ ಕಾಯುತ್ತಿದ್ದಳು. ಅಂಗಡಿಯ ನೆತ್ತಿಗೆ ದೊಡ್ಡ ಬ್ಯಾನರ್: 'ಎಚ್‌ಐವಿ ಜೊತೆ ಬದುಕುತ್ತಿರುವವರ ಸಂಘದ ಮಿರ್ಚಿ ಅಂಗಡಿ.'

"ಇದನ್ನ ಇಷ್ಟು ದೊಡ್ಡದಾಗಿ ಬರೆಸಬೇಕಿತ್ತೇನಮ್ಮ?" ಅಂದ ಮಾಳೇಶ.

"ಮುಚ್ಚಿಟ್ಟು ಮಾರಿದ್ರೆ, ಗೊತ್ತಾದ ದಿನ ಮೋಸ ಮಾಡಿದ್ರು ಅಂತಾರೆ ಅಣ್ಣ. ಹೇಳೇ ಮಾರೋಣ ಅಂತ."

ಎಣ್ಣೆ ಕಾಯಿತು, ಮಿರ್ಚಿ ಬೆಂದಿತು, ಪರಿಮಳ ಸಂತೆಯ ಉದ್ದಗಲಕ್ಕೂ ಹಬ್ಬಿತು. ಜನ ಮೂಗು ತೋರಿದ ದಾರಿಯಲ್ಲೇ ಬರುತ್ತಿದ್ದರು, ಬ್ಯಾನರ್ ಓದುತ್ತಿದ್ದರು, ಹಾವು ಕಂಡವರ ಹಾಗೆ ಸುತ್ತು ಬಳಸಿ ಹೋಗಿಬಿಡುತ್ತಿದ್ದರು. ಬುಟ್ಟಿಯಲ್ಲಿ ಮಿರ್ಚಿ ಏರುತ್ತಾ ಹೋಯಿತು. ರೋಜಾಳ ಮುಖ ಇಳಿಯುತ್ತಾ ಹೋಯಿತು.

"ಅಣ್ಣ, ಒಂದು ಉಪಕಾರ ಮಾಡಿ," ಅಂದಳು. "ಮುಂದೆ ಕುರ್ಚಿ ಹಾಕ್ತೀನಿ. ಎಲ್ಲರಿಗೂ ಕಾಣೋ ಹಾಗೆ ಕೂತು ಒಂದೆರಡು ಮಿರ್ಚಿ ತಿನ್ನಿ. ಒಬ್ಬರು ತಿಂದ್ರೆ ನಾಲ್ಕು ಜನ ಬರ್ತಾರೆ."

ಮಾಳೇಶ ಕುಳಿತ. ತಟ್ಟೆ ಕೈಗೆ ಬಂತು. ಊಟದಿಂದ, ಲೋಟದಿಂದ, ಮುಟ್ಟುವುದರಿಂದ ಇದು ಬರುವುದಿಲ್ಲ ಎಂದು ಸಂಗೀತ ಊರವರಿಗೆಲ್ಲ ಹೇಳುವುದನ್ನು ಕೇಳಿ ಕೇಳಿ ಅವನಿಗೆ ಬಾಯಿಪಾಠವಾಗಿತ್ತು. ಆದರೂ ಮಿರ್ಚಿ ಬಾಯಿಯ ಹತ್ತಿರ ಬಂದಾಗ ಕೈ ಒಂದು ಗಳಿಗೆ ನಿಂತಿತು. ನಿಂತದ್ದು ರೋಜಾಳಿಗೆ ಕಂಡಿತು. ಕಂಡಿತೆಂದು ಇವನಿಗೂ ಗೊತ್ತಾಯಿತು.

"ಬಿಸಿ ಇದೆ ಅಣ್ಣ, ಊದಿಕೊಂಡು ತಿನ್ನಿ," ಅಂದಳು ರೋಜಾ, ಒಲೆಯ ಕಡೆ ತಿರುಗುತ್ತಾ.

ಮಾಳೇಶನಿಗೆ ತನ್ನ ಮೇಲೇ ನಾಚಿಕೆಯಾಯಿತು. ಆ ನಾಚಿಕೆಯಲ್ಲೇ ಮಿರ್ಚಿಯನ್ನು ಊದದೆ ಇಡಿಯಾಗಿ ಬಾಯಿಗೆ ಹಾಕಿಕೊಂಡ. ಕಣ್ಣಲ್ಲಿ ನೀರು ಬಂತು.

"ಅಳ್ತಾ ಇದಾರಲ್ಲ ಮಾರಾಯ್ರೆ," ಎಂದಿತು ಒಂದು ದೊಡ್ಡ ದನಿ.

ಬಿಳಿ ಪಂಚೆ, ಕಂಕುಳಲ್ಲಿ ಕೊಡೆ, ದಪ್ಪ ಮೀಸೆಯ ಹಿರಿಯರೊಬ್ಬರು ಎದುರಿಗೆ ನಿಂತಿದ್ದರು. ಹೆಸರು ಶೇಷಪ್ಪ ಎಂದು ಪಕ್ಕದವರು ಮಾತಾಡಿಸಿದ್ದರಿಂದ ತಿಳಿಯಿತು. "ಯಜಮಾನ್ರೆ, ಇದನ್ನ ತಿಂದ್ರೆ ಎಂತದೂ ಆಗಲ್ಲ ಅನ್ನೋದಕ್ಕೆ ಎಂತ ಗ್ಯಾರಂಟಿ?"

"ಏನೂ ಆಗಂಗಿಲ್ರಿ. ತಿನ್ನೋದ್ರಿಂದ ಬರಂಗಿಲ್ಲ ಅದು."

"ಒಂದರಲ್ಲಿ ಎಂತ ಗೊತ್ತಾಗ್ತದೆ? ಇನ್ನೊಂದು ತಿನ್ನಿ, ನೋಡುವ."

ಮಾಳೇಶ ಇನ್ನೊಂದು ತಿಂದ. ನಾಲ್ಕು ಜನ ನಿಂತರು. ಮತ್ತೊಂದು ತಿಂದ. ಹತ್ತು ಜನವಾದರು. ಸಂತೆಗೆ ಸಂತೆಯೇ ದನ ಕೊಳ್ಳುವವರ ಹಾಗೆ ಅವನ ಸುತ್ತ ನಿಂತು ಹಲ್ಲು, ಕಣ್ಣು, ಗಂಟಲು ಪರೀಕ್ಷೆ ಮಾಡತೊಡಗಿತು.

"ಮಿರ್ಚಿ ಎಣ್ಣೇಲಿ ಕುದ್ದಿದ್ದು, ಅದು ಲೆಕ್ಕಕ್ಕಿಲ್ಲ," ಅಂದ ಎದುರಿನ ಟೈಲರ್ ಬೆನಕಪ್ಪ, ಟೇಪು ಕೊರಳಲ್ಲಿ ಹಾಗೇ ಇತ್ತು. "ಹಸಿ ಈರುಳ್ಳಿ ತಿನ್ನಲಿ. ಅದನ್ನ ಅವರೇ ಹೆಚ್ಚಿದ್ದು."

ಮಾಳೇಶ ಈರುಳ್ಳಿ ತಿಂದ.

"ಮಂಡಕ್ಕಿ?" ಅಂದಳು ಸೊಪ್ಪು ಮಾರುವ ತುಂಗಮ್ಮ. "ಅದನ್ನ ಕೈಯಲ್ಲೇ ಕಲಸೋದಲ್ವ?"

ಮಾಳೇಶ ಮಂಡಕ್ಕಿ ತಿಂದ.

"ಲೋಟ?" ಅಂದರು ಶೇಷಪ್ಪ. ರೋಜಾ ಅರ್ಧ ಚಹಾ ಕುಡಿದು ಲೋಟ ಕೊಟ್ಟಳು. ಉಳಿದರ್ಧ ಮಾಳೇಶ ಕುಡಿದ.

"ಸೊಳ್ಳೆ ಕಚ್ಚಿದ್ರೆ?" ಎಂದಿತು ಹಿಂದಿನಿಂದ ಯಾವುದೋ ದನಿ.

"ಸೊಳ್ಳೆಯಿಂದ ಬರೋದಾಗಿದ್ರೆ ಮಲೆನಾಡಿನಾಗೆ ಯಾರಾರ ಉಳೀತಿದ್ರೇನ್ರಿ?" ಅಂದ ಮಾಳೇಶ. ಜನ ನಕ್ಕರು. ಬೆನಕಪ್ಪನ ಕೈ ನಿಧಾನವಾಗಿ ಜೇಬಿಗೆ ಹೋಯಿತು.

ಸರಿಯಾಗಿ ಆಗಲೇ ಮಾಳೇಶನ ಹೊಟ್ಟೆಯೊಳಗೆ ಎತ್ತಿನಗಾಡಿಯೊಂದು ಇಳಿಜಾರಿಗೆ ಬಿದ್ದಂತೆ ಶಬ್ದವಾಯಿತು. ಬೆಳಗಿನ ಬದನೆಕಾಯಿಯ ಮೇಲೆ ಇಷ್ಟೊಂದು ಮಿರ್ಚಿ ಬಂದು ಕುಳಿತರೆ ಅದಾದರೂ ಎಷ್ಟು ಹೊತ್ತು ಸುಮ್ಮನಿದ್ದೀತು?

"ಬೆವರ್ತಿದೀರಲ್ಲ?" ಅಂದರು ಶೇಷಪ್ಪ.

"ಬಿಸಿಲು."

"ನೆರಳಲ್ಲೇ ಕೂತಿದೀರಿ."

"ನಮ್ ಕಡೆಯೋರಿಗೆ ನೆರಳೂ ಬಿಸಿಲೇ ರೀ," ಎಂದು ಮಾಳೇಶ ಹಲ್ಲು ಕಚ್ಚಿ ನಕ್ಕ. ಎದ್ದು ಓಡೋಣವೆಂದರೆ ಎಲ್ಲರ ಕಣ್ಣೂ ಅವನ ಮೇಲೆ. ಓಡಿದರೆ ಅಂಗಡಿ ಇವತ್ತಿಗಲ್ಲ, ಈ ತಾಲ್ಲೂಕಿನಲ್ಲೇ ಇನ್ನೆಂದಿಗೂ ನಡೆಯದು. ರೋಜಾ ಜಾಲರಿ ಸೌಟು ಹಿಡಿದು ಅವನನ್ನೇ ನೋಡುತ್ತಿದ್ದಳು.

"ಕೊನೇದು ಒಂದು," ಅಂದರು ಶೇಷಪ್ಪ, ಬುಟ್ಟಿಯಲ್ಲಿ ಎಲ್ಲಕ್ಕಿಂತ ಉದ್ದದ ಮಿರ್ಚಿ ತೋರಿಸಿ.

ಮಾಳೇಶ ಮನೆದೇವರನ್ನು ನೆನೆದು ಅದನ್ನೂ ನುಂಗಿದ. ದೇವರು ಬೇರೆ ಕೆಲಸದಲ್ಲಿದ್ದಿರಬೇಕು. ಮರುಗಳಿಗೆಗೆ ಮಾಳೇಶ ಕುರ್ಚಿ ಬೀಳಿಸಿ, ಜನರನ್ನು ಸೀಳಿಕೊಂಡು, ಎರಡೂ ಕೈಯಲ್ಲಿ ಹೊಟ್ಟೆ ಹಿಡಿದು ಬಸ್‌ಸ್ಟ್ಯಾಂಡಿನ ಶೌಚಾಲಯದ ಕಡೆ ಓಡಿದ.

ಅವನು ವಾಪಸ್ಸು ಬಂದಾಗ ಜನ ಅಂಗಡಿಯಿಂದ ನಾಲ್ಕು ಹೆಜ್ಜೆ ಹಿಂದೆ ಸರಿದಿದ್ದರು. ಬೆನಕಪ್ಪ ಜೇಬಿನಿಂದ ಖಾಲಿ ಕೈ ತೆಗೆದಿದ್ದ. ರೋಜಾ ಒಲೆ ಸಣ್ಣ ಮಾಡಿದ್ದಳು. ಮಾಳೇಶನಿಗೆ ನೆಲ ಬಾಯಿ ಬಿಡಬಾರದೇ ಅನಿಸಿತು.

"ನೋಡಿದ್ರಾ?" ಅಂದ ಬೆನಕಪ್ಪ. "ತಿಂದು ಒಂದು ತಾಸಾಗಿಲ್ಲ."

ತುಂಗಮ್ಮ ಸೊಪ್ಪಿನ ಬುಟ್ಟಿ ಬದಿಗಿಟ್ಟು ಎದ್ದಳು. "ನಿನ್ನ ತಲೆ. ಒಂದು ಬಾಣಲೆ ಮಿರ್ಚಿ ಒಬ್ಬನೇ ತಿಂದಿದಾನೆ. ಆನೆ ತಿಂದಿದ್ರೂ ಓಡ್ತಿತ್ತು. ಹೊಟ್ಟೆ ಕೆಟ್ಟಿದ್ದಕ್ಕೂ ಆ ಕಾಯಿಲೆಗೂ ಎಂತ ಸಂಬಂಧ?" ಎಂದು ರೋಜಾಳ ಕಡೆ ತಿರುಗಿದಳು. "ಓಡೋ ತನಕ ತಿಂದ ಅಂದ್ರೆ ರುಚಿ ಇರಲೇಬೇಕು. ನಂಗೊಂದು ಪ್ಲೇಟು ಕೊಡು ತಂಗಿ."

ತುಂಗಮ್ಮ ತಿಂದಳು. ಚಪ್ಪರಿಸಿದಳು. ಇನ್ನೊಂದು ಪ್ಲೇಟು ಕೇಳಿದಳು. ಆಮೇಲೆ ಕಟ್ಟೆ ಒಡೆದ ಹಾಗಾಯಿತು. ಓಡಿಹೋಗುವಷ್ಟು ತಿಂದವನ ಸುದ್ದಿ ಸಂತೆಯ ಆ ತುದಿಗೆ ಮುಟ್ಟಿ, ಅಲ್ಲಿಂದಲೂ ಜನ ಬಂದರು. ಬೆನಕಪ್ಪ ಮನೆಗೂ ಕಟ್ಟಿಸಿಕೊಂಡ. ಹೊತ್ತು ಮುಳುಗುವ ಮೊದಲೇ ಹಿಟ್ಟು ಮುಗಿದು, ರೋಜಾ ಬಾಣಲೆ ಬೋರಲು ಹಾಕಿ, ಸೆರಗಿನಿಂದ ಕಣ್ಣೊರೆಸಿಕೊಂಡಳು. ಹೊಗೆ ಅಂದಳು.

ಮಾಳೇಶ ಔಷಧಿ ಅಂಗಡಿಯ ಉಪ್ಪು ಸಕ್ಕರೆ ನೀರು ಹಿಡಿದು ಕಟ್ಟೆಯ ಮೇಲೆ ಬಾಡಿದ ಸೊಪ್ಪಿನಂತೆ ಕುಳಿತಿದ್ದ. ಪಕ್ಕಕ್ಕೆ ಬಂದು ಕುಳಿತವರು ಶೇಷಪ್ಪ. ಕೈಯಲ್ಲಿ ಕಟ್ಟಕಡೆಯ ಪ್ಲೇಟು ಮಿರ್ಚಿ.

"ನಿಮಗೆ ಭಯ ಇಲ್ಲೇನ್ರಿ ಈಗ?" ಅಂದ ಮಾಳೇಶ, ಸಿಟ್ಟು ತಡೆಯಲಾರದೆ. "ಅಷ್ಟೊತ್ತು ನನ್ನ ಜೀವ ಹಿಂಡಿದ್ರಲ್ಲ."

ಶೇಷಪ್ಪ ಆಶ್ಚರ್ಯದಿಂದ ತಿರುಗಿದರು. "ಏ ರೋಜಾ, ಇವರಿಗೆ ನೀನು ಹೇಳಿಲ್ವಾ?"

"ಹೇಳಿದ್ರೆ ಅಣ್ಣನ ಮುಖದಲ್ಲಿ ಗೊತ್ತಾಗಿಬಿಡ್ತಿತ್ತು," ಅಂದಳು ರೋಜಾ. "ತಪ್ಪಾಯ್ತು ಅಣ್ಣ. ಇವರು ನಮ್ಮ ಸಂಘದ ಅಧ್ಯಕ್ಷರು."

ಮಾಳೇಶ ಅವರನ್ನು ಮೀಸೆಯಿಂದ ಕೊಡೆಯತನಕ ಇನ್ನೊಮ್ಮೆ ನೋಡಿದ.

"ನಾನೂ ಮಾತ್ರೆ ತಗೊಳ್ಳೋನೇ," ಅಂದರು ಶೇಷಪ್ಪ ಮಿರ್ಚಿ ಮುರಿಯುತ್ತಾ. "ಎಷ್ಟೋ ವರ್ಷ ಆಯ್ತು. ತಪ್ಪಿಸದೆ ನುಂಗ್ತೀನಿ, ಗದ್ದೆ ಕೆಲಸ ಮಾಡ್ತೀನಿ. ಸಂತೇಲಿ ತಿಂಡಿಗೆ ಜನ ನಿಲ್ಲಲ್ಲ ಮಾರಾಯ್ರೆ, ಜಗಳಕ್ಕೆ ನಿಲ್ತಾರೆ. ಅವರ ಮನಸ್ಸಲ್ಲಿರೋ ಪ್ರಶ್ನೆ ಎಲ್ಲ ನಾನೇ ಕೇಳಿಬಿಟ್ರೆ ಅವರಿಗೂ ಹಗುರ."

ಮಾಳೇಶನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡಕ್ಕೂ ಹೊಟ್ಟೆ ಒಪ್ಪಲಿಲ್ಲ.

"ಮುಂದಿನ ವಾರ ನಿಮ್ಮ ಶಿಕಾರಿಪುರ ಸಂತೆ," ಅಂದರು ಶೇಷಪ್ಪ.

"ನಾನು ತಿನ್ನಂಗಿಲ್ಲ," ಅಂದ ಮಾಳೇಶ ತಟ್ಟನೆ.

"ಬೇಡವೇ ಬೇಡ. ಅಲ್ಲಿ ತಿನ್ನೋನು ನಾನು. ನೀವು ನನ್ನ ಹಾಗೆ ಎದುರಿಗೆ ನಿಂತು ಜಗಳ ತೆಗೀಬೇಕು, ಅಷ್ಟೆ."

ಮಾಳೇಶನಿಗೆ ಹೋದ ಜೀವ ಬಂದಂತಾಯಿತು. "ಅಷ್ಟೇ ಏನ್ರಿ? ಆಗ್ಲಿ. ಜೋರಾಗೇ ತೆಗೀತೀನಿ. ಯಾರ ಜೊತಿಗೆ?"

"ಅಲ್ಲಿ ಅಂಗಡಿ ನಡೆಸೋರು, ಜನಕ್ಕೆ ಉತ್ತರ ಕೊಡೋರು ನಿಮ್ಮ ಮನೆಯವರೇ. ಸಂಗೀತ ಅವರ ಜೊತೆ. ನಡು ಸಂತೇಲಿ, ಎಲ್ಲರ ಎದುರಿಗೆ, ದನಿ ಏರಿಸಿ."

ಮಾಳೇಶ ಉಪ್ಪು ಸಕ್ಕರೆ ನೀರನ್ನು ಒಂದೇ ಗುಟುಕಿಗೆ ಮುಗಿಸಿ, ಲೋಟ ಕೆಳಗಿಟ್ಟ.

"ಶೇಷಪ್ಪನೋರೇ," ಅಂದ ಮೆಲ್ಲಗೆ, "ಅಲ್ಲೂ ನಾನೇ ತಿಂತೀನಿ ಬಿಡ್ರಿ."